ಬರ್ಮಾದ ಪರ್ಮಿಟ್ ಕುಬೇರರು, ಬೋರಲಾದ ಭಿಕ್ಷಾಪಾತ್ರೆಗಳು

ರಂಗೂನಿನ ಪೇಟೆಯಲ್ಲಿ 2005ರ ಸುಮಾರಿಗೆ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ತುಂಡಿಗಿದ್ದ ಬೆಲೆಯನ್ನು ಕೇಳಿದರೆ ನಂಬುವುದು ಕಷ್ಟ. ಅದು ಮೊಗೋಕ್ ಗಣಿಯ ಕೆಂಪು ಹರಳಲ್ಲ. ಮೊಬೈಲ್ ಫೋನಿನೊಳಗೆ ಸೇರಿಸುವ ಸಾಮಾನ್ಯ ಸಿಮ್ ಕಾರ್ಡು! ಅದಕ್ಕೆ ಸಾವಿರದೈನೂರು ಡಾಲರನ್ನು ಮೀರಿ, ಎರಡು ಸಾವಿರದವರೆಗೂ ತೆರಬೇಕಾಗಿದ್ದಿತು. ಶಾಲಾ ಉಪಾಧ್ಯಾಯನೊಬ್ಬನ ಹಲವು ವರ್ಷಗಳ ಸಂಬಳವನ್ನು ಕೂಡಿಟ್ಟರೂ ಅದು ಸಾಲುತ್ತಿರಲಿಲ್ಲ. 2014ರಲ್ಲಿ ನಾರ್ವೆಯ ಟೆಲಿನಾರ್ ಮತ್ತು ಕತಾರಿನ ಊರಿಡೂ ಎಂಬ ಕಂಪನಿಗಳು ಅಲ್ಲಿ ಕಾಲಿಟ್ಟೊಡನೆ ಅದೇ ಕಾರ್ಡು 1,500 ಕ್ಯಾಟ್‌ಗೆ, ಎಂದರೆ ಒಂದೂವರೆ ಡಾಲರಿಗೆ, ಬೀದಿಬದಿಯಲ್ಲಿ ಸಿಗತೊಡಗಿತು. ಹಾಗಾದರೆ ಅಲ್ಲಿಯವರೆಗೆ ಜನ ತೆತ್ತ ಹಣ ಯಾವುದರ ಬೆಲೆ? ಪರ್ಮಿಟ್ಟಿನ ಬೆಲೆ. ಸೇನಾಧಿಕಾರಿಯೊಬ್ಬನು ರುಜು ಹಾಕಿಕೊಟ್ಟ ಕಾಗದದ ಬೆಲೆ.

ಈ ಕಾಗದದ ಕಥೆ ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಚುನಾಯಿತ ಸರಕಾರವನ್ನು ಕೆಡವಿ ಅಧಿಕಾರ ಹಿಡಿದನು. 'ಬರ್ಮಾ ಮಾರ್ಗದ ಸಮಾಜವಾದ'ವೆಂಬ ಹೆಸರಿನಲ್ಲಿ ಬ್ಯಾಂಕು, ಗಿರಣಿ, ಕೊನೆಗೆ ಬೀದಿಯ ಅಂಗಡಿಗಳೂ ರಾಷ್ಟ್ರೀಕರಣಗೊಂಡುವು. ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ ಸುಮಾರು ಮೂರು ಲಕ್ಷ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು. ಮದರಾಸಿನ ಬರ್ಮಾ ಬಜಾರು ಇಂದಿಗೂ ಅವರ ನೆನಪನ್ನು ಹೊತ್ತು ನಿಂತಿದೆ.

ಸಂಖ್ಯಾಶಾಸ್ತ್ರದಲ್ಲಿ ಈ ಜನರಲ್ಲನಿಗಿದ್ದ ನಂಬಿಕೆ ದೇಶಕ್ಕೆ ದುಬಾರಿಯಾಯಿತು. 1987ರ ಸೆಪ್ಟೆಂಬರಿನಲ್ಲಿ 25, 35 ಮತ್ತು 75 ಕ್ಯಾಟ್‌ಗಳ ನೋಟುಗಳು ಒಂದೇ ಆಜ್ಞೆಯಿಂದ ರದ್ದಿಯಾದುವು. ಬದಲಿಗೆ ಬಿಡಿಗಾಸೂ ಸಿಗಲಿಲ್ಲ. ಆಮೇಲೆ ಹೊರಬಂದುದು 45 ಮತ್ತು 90ರ ನೋಟುಗಳು. ಎರಡೂ ಒಂಬತ್ತರಿಂದ ಭಾಗವಾಗತಕ್ಕವು, ಒಂಬತ್ತು ಶುಭಸಂಖ್ಯೆಯಂತೆ! ಮಗನ ಫೀಜಿಗೆಂದು, ಮಗಳ ಮದುವೆಗೆಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಹಣ ಸಂಜೆಯೊಳಗೆ ಬರಿಯ ಕಾಗದವಾದ ಮನೆಗಳೆಷ್ಟೋ! ಅದೇ ವರ್ಷದ ಕೊನೆಯಲ್ಲಿ, ಒಂದು ಕಾಲಕ್ಕೆ ಜಗತ್ತಿಗೇ ಅಕ್ಕಿ ಕೊಟ್ಟ ನಾಡು ವಿಶ್ವಸಂಸ್ಥೆಯ ಕಡುಬಡ ದೇಶಗಳ ಪಟ್ಟಿಗೆ ಸೇರಿತು. 1988ರ ಆಗಸ್ಟ್ 8ರಂದು ಜನ ಬೀದಿಗಿಳಿದರು. ಸೆಪ್ಟೆಂಬರ್ 18ರಂದು ಸೇನೆ ಮತ್ತೊಮ್ಮೆ ಗದ್ದುಗೆಯೇರಿತು. ಈ ನಡುವೆ ಗುಂಡಿಗೆ ಬಲಿಯಾದವರು ಸಾವಿರಾರು ಮಂದಿ.

ಸಮಾಜವಾದದ ಹೆಸರು ಅಳಿಯಿತು. ಮುಕ್ತ ವ್ಯಾಪಾರದ ಬಾವುಟ ಏರಿತು. ಆದರೆ ಯಾರಿಗೆ ಮುಕ್ತ? 1990ರಲ್ಲಿ ಸೇನೆ ತನ್ನದೇ ಒಂದು ಮಹಾ ಕಂಪನಿಯನ್ನು ಹೂಡಿತು. ಅದರ ಷೇರುದಾರರು ರಕ್ಷಣಾ ಇಲಾಖೆ, ಹಾಲಿ ಸೈನಿಕರು ಮತ್ತು ನಿವೃತ್ತ ಸೈನಿಕರು. ಸರಕುಗಳು ಹರಳು, ಸಿಗರೇಟು, ಬೀರು ಮುಂತಾದುವು. 1997ರಲ್ಲಿ ಇನ್ನೊಂದು ಹುಟ್ಟಿತು. ಅದೇ 1990ರ ಮೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿಯವರ ಪಕ್ಷ 485 ಸ್ಥಾನಗಳ ಪೈಕಿ 392ನ್ನು ಗೆದ್ದಿತು. ಫಲಿತಾಂಶವನ್ನು ಸೇನೆ ಮೂಲೆಗೆಸೆಯಿತು. ದೆಹಲಿಯಲ್ಲಿ ಕಾಲೇಜು ಕಲಿತಿದ್ದ ಆಕೆ ಆಗಲೇ ಇನ್ಯಾ ಸರೋವರದ ದಡದ ತಮ್ಮ ಮನೆಯಲ್ಲಿ ಬಂದಿಯಾಗಿದ್ದರು. ಮುಂದಿನ ಇಪ್ಪತ್ತೊಂದು ವರ್ಷಗಳಲ್ಲಿ ಸುಮಾರು ಹದಿನೈದು ಹೀಗೆಯೇ ಕಳೆದುವು.

ಹಣ ಮಾಯವಾಗುತ್ತಿದ್ದ ಬಗೆ ಬಹು ಸರಳ. ಸರಕಾರಿ ಲೆಕ್ಕದಲ್ಲಿ ಒಂದು ಡಾಲರಿಗೆ ಸುಮಾರು ಆರು ಕ್ಯಾಟ್. ಪೇಟೆಯಲ್ಲಿ ಸಾವಿರದ ಆಸುಪಾಸು. ಸಮುದ್ರದಡಿಯ ಅನಿಲವನ್ನು ಥಾಯ್ಲೆಂಡಿಗೆ ಮಾರಿ ಬಂದ ಡಾಲರುಗಳನ್ನು ಬೊಕ್ಕಸದ ಪುಸ್ತಕದಲ್ಲಿ ಆರರ ದರದಲ್ಲಿ ಬರೆಯಲಾಗುತ್ತಿದ್ದಿತು. ಸಾವಿರ ರೂಪಾಯಿ ಗಳಿಸಿದ ಯಜಮಾನ ಮನೆಯವರಿಗೆ ಆರು ರೂಪಾಯಿಯ ಲೆಕ್ಕ ಒಪ್ಪಿಸಿದಂತೆ! ಆಸ್ಟ್ರೇಲಿಯದ ಅರ್ಥಶಾಸ್ತ್ರಜ್ಞ ಷಾನ್ ಟರ್ನೆಲ್ ಇದನ್ನು ಬಿಡಿಸಿ ತೋರಿಸಿದರು. ಈ ಸುಳ್ಳು ದರ ಹೋದುದು 2012ರ ಏಪ್ರಿಲ್‌ನಲ್ಲಿ.

ಸೇನಾನಿಗಳೇ ಎಲ್ಲವನ್ನೂ ನಡೆಸಲಾರರಷ್ಟೆ? ಅವರಿಗೆ ಕೈಕೆಲಸದವರು ಬೇಕಾದರು. ತೇಗ ಕಡಿಯಲು, ಕಾರು ತರಿಸಲು, ರಸ್ತೆ ಹಾಕಲು, ಹೋಟೆಲು ಕಟ್ಟಲು ಪರ್ಮಿಟ್ಟು ಪಡೆದ ಕೆಲವೇ ಮಂದಿ ಕೆಲವೇ ವರ್ಷಗಳಲ್ಲಿ ಕುಬೇರರಾದರು. ಇಂಗ್ಲಿಷಿನ 'ಕ್ರೋನಿ' ಎಂಬ ಪದವನ್ನು ಬರ್ಮೀಯರು ತಮ್ಮ ಮಾತಿಗೇ ಸೇರಿಸಿಕೊಂಡರು; ಚಹದಂಗಡಿಯ ಹುಡುಗನಿಗೂ ಅದರ ಅರ್ಥ ಗೊತ್ತು. 1990ರಲ್ಲಿ ಹುಟ್ಟಿದ ಹ್ಟೂ ಕಂಪನಿಯ ಟೇ ಝಾ 2004ರ ಹೊತ್ತಿಗೆ ಏರ್ ಬಗಾನ್ ಎಂಬ ವಿಮಾನ ಸಂಸ್ಥೆಯನ್ನೇ ಸ್ಥಾಪಿಸಿದನು. ಅಮೆರಿಕದ ಖಜಾನೆ ಅವನನ್ನು ಶಸ್ತ್ರ ವ್ಯಾಪಾರಿ, ಸೇನಾಡಳಿತದ ಹಣಕಾಸಿನ ಬಂಟನೆಂದು ಹೆಸರಿಸಿ ನಿರ್ಬಂಧ ಹೇರಿತು. ಏಷ್ಯಾ ವರ್ಲ್ಡ್ ಕಂಪನಿಯ ಸ್ಟೀವನ್ ಲಾ ಮೇಲೂ 2008ರಲ್ಲಿ ನಿರ್ಬಂಧ ಬಿದ್ದಿತು. ಅವನ ತಂದೆ ಲೋ ಸಿಂಗ್ ಹಾನ್ ಅಫೀಮು ವ್ಯಾಪಾರದ ದೊರೆಯೆಂದು ಹೆಸರಾಗಿ, 1970ರ ದಶಕದಲ್ಲಿ ಮರಣದಂಡನೆಗೆ ಗುರಿಯಾಗಿ, 1980ರಲ್ಲಿ ಬಿಡುಗಡೆ ಹೊಂದಿದ್ದವನು.

2005ರ ನವೆಂಬರಿನಲ್ಲಿ ರಾಜಧಾನಿಯೇ ರಂಗೂನನ್ನು ಬಿಟ್ಟು ನಾಡಿನ ನಡುವಣ ಬಯಲಿಗೆ ಹೊರಟಿತು. ನೇಪಿಡಾ ಎಂಬ ಆ ಹೊಸ ಊರಿನ ಅಗಲವಾದ ರಸ್ತೆಗಳನ್ನೂ ಭವನಗಳನ್ನೂ ಕಟ್ಟಿದವರು ಇದೇ ಸಾಹುಕಾರರು. ಮರುವರ್ಷ ಹಿರಿಯ ಸೇನಾನಿ ತಾನ್ ಶ್ವೆಯ ಮಗಳ ಮದುವೆಯ ಚಲಚ್ಚಿತ್ರ ಹೇಗೋ ಹೊರಬಿದ್ದಿತು. ವಧುವಿನ ಕೊರಳಲ್ಲಿ ಹೊಳೆಯುತ್ತಿದ್ದ ವಜ್ರದ ಸಾಲುಗಳನ್ನು ನೋಡಿದ ರಂಗೂನಿನ ಗೃಹಿಣಿಯರಿಗೆ ಏನೆನ್ನಿಸಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

2007ರ ಆಗಸ್ಟ್ 15ರಂದು ಮುನ್ಸೂಚನೆಯೇ ಇಲ್ಲದೆ ಡೀಸೆಲಿನ ಬೆಲೆ ಎರಡು ಪಟ್ಟಾಯಿತು, ಬಸ್ಸಿಗೆ ತುಂಬುವ ಅನಿಲದ್ದು ಐದು ಪಟ್ಟು. ನೆರೆಯವರಿಗೆ ಅನಿಲ ಮಾರುವ ದೇಶದಲ್ಲಿ ಕೂಲಿಯವನು ಕೆಲಸಕ್ಕೆ ನಡೆದೇ ಹೋಗಬೇಕಾಯಿತು. ಪಕೊಕ್ಕು ಎಂಬ ಊರಿನಲ್ಲಿ ಪ್ರತಿಭಟಿಸಿದ ಭಿಕ್ಷುಗಳನ್ನು ಸೈನಿಕರು ಹೊಡೆದರು. ಕ್ಷಮೆ ಕೇಳಿರೆಂದು ಸಂಘ ಗಡುವಿತ್ತಿತು. ಕ್ಷಮೆ ಬರಲಿಲ್ಲ. ಆಗ ಭಿಕ್ಷುಗಳು ತಮ್ಮಲ್ಲಿದ್ದ ಒಂದೇ ಆಯುಧವನ್ನು ತೆಗೆದರು: ಭಿಕ್ಷಾಪಾತ್ರೆಯನ್ನು ಬೋರಲು ಹಾಕಿದರು.

ಪಾಳಿಯಲ್ಲಿ ಇದಕ್ಕೆ 'ಪತ್ತನಿಕ್ಕುಜ್ಜನ' ಎಂದು ಹೆಸರು. ಬೌದ್ಧ ಗೃಹಸ್ಥನಿಗೆ ಭಿಕ್ಷೆ ನೀಡುವುದೇ ಪುಣ್ಯದ ದಾರಿ. ನಮ್ಮಲ್ಲಿ ಮನೆಬಾಗಿಲಿಗೆ ಬಂದ ಅತಿಥಿ ಎಲೆಯ ಮುಂದಿನಿಂದ ಉಣ್ಣದೆ ಎದ್ದುಹೋದರೆ ಮನೆಯವರಿಗಾಗುವ ಕಳವಳವನ್ನು ನೆನೆದರೆ ಇದರ ತೀವ್ರತೆ ತಿಳಿದೀತು. ಪಗೋಡಗಳಿಗೆ ಚಿನ್ನ ಹೊದಿಸಿ, ಆ ಚಿತ್ರಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿಕೊಳ್ಳುತ್ತಿದ್ದ ಸೇನಾನಿಗಳಿಗೆ ಸಂಘದ ಉತ್ತರ ಇಷ್ಟೇ: ನಿಮ್ಮ ಅನ್ನ ಬೇಡ. ಸೆಪ್ಟೆಂಬರ್ 22ರ ಮಳೆಯಲ್ಲಿ ಭಿಕ್ಷುಗಳ ಸಾಲೊಂದು ಸೂ ಕಿಯವರ ಮನೆಯ ಮುಂದೆ ಹಾದಾಗ ಆಕೆ ಗೇಟಿನವರೆಗೆ ಬಂದು ಕೈಮುಗಿದು ನಿಂತರು. ಕಣ್ಣಲ್ಲಿ ನೀರಿದ್ದಿತೆಂದು ಕಂಡವರು ಹೇಳಿದರು. ನಾಲ್ಕೈದು ದಿನಗಳಲ್ಲಿ ಬಂದೂಕುಗಳು ಮಾತಾಡಿದುವು. ಕನಿಷ್ಠ 31 ಮಂದಿ ಸತ್ತರೆಂದು ವಿಶ್ವಸಂಸ್ಥೆಯ ಪ್ರತಿನಿಧಿ ಲೆಕ್ಕ ಕೊಟ್ಟರು. ವಿಹಾರಗಳು ಬರಿದಾದುವು.

2010ರಲ್ಲಿ, ಸಮವಸ್ತ್ರ ಕಳಚಿ ಪಂಚೆಯುಡುವ ಮುನ್ನ, ಸೇನಾಡಳಿತ ನೂರಾರು ಸರಕಾರಿ ಆಸ್ತಿಗಳನ್ನು ಆಪ್ತರಿಗೆ ಮಾರಿತು. ಪೆಟ್ರೋಲ್ ಬಂಕುಗಳೂ ಅದರಲ್ಲಿದ್ದುವು. ಸೂ ಕಿಯವರಿಗೆ ಬಿಡುಗಡೆಯಾಯಿತು, 2015ರಲ್ಲಿ ಜಯ ಬಂದಿತು. ಇಲ್ಲಿಂದ ಮುಂದಿನ ಭಾಗ ಅವರ ಅಭಿಮಾನಿಗಳಿಗೆ ಕಹಿಯಾದುದು. 2013ಕ್ಕೆ ಮೊದಲೇ ಅವರ ಪಕ್ಷ ಆ ಸಾಹುಕಾರರಿಂದ ದೇಣಿಗೆ ಸ್ವೀಕರಿಸಿತ್ತು. ತಿದ್ದಿಕೊಳ್ಳಲು ಅವರಿಗೂ ಅವಕಾಶ ಬೇಡವೇ ಎಂಬುದು ಅವರ ಸಮಾಧಾನ. ಕ್ಷಮೆ ದೊಡ್ಡ ಗುಣವೇ. ಆದರೆ ಯಾರೂ ತಪ್ಪೊಪ್ಪಿಕೊಂಡಿರಲಿಲ್ಲ, ಯಾರೂ ಲೆಕ್ಕ ಒಪ್ಪಿಸಿರಲಿಲ್ಲ. 2017ರಲ್ಲಿ ಸೇನೆಯ ಕಾರ್ಯಾಚರಣೆಗೆ ಬೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು. ಆ ಸೆಪ್ಟೆಂಬರಿನಲ್ಲಿ 45 ಕಂಪನಿಗಳೂ ಸಂಸ್ಥೆಗಳೂ ಸೇನೆಗೆ ಅರವತ್ತು ಲಕ್ಷ ಡಾಲರುಗಳಿಗೂ ಮಿಕ್ಕಿ ದಾನ ನೀಡಿದ್ದುವೆಂದು 2019ರ ವಿಶ್ವಸಂಸ್ಥೆಯ ವರದಿ ಹೊರಗೆಡವಿತು. ಸೇನೆಯ ಆ ಎರಡು ಮಹಾ ಕಂಪನಿಗಳಿಗೆ ಸೇರಿದ ಉದ್ಯಮಗಳು ಕನಿಷ್ಠ 120ಎಂದೂ ಅದೇ ವರದಿ ಎಣಿಸಿತು. ಸೂ ಕಿ ಅದೇ ವರ್ಷದ ಡಿಸೆಂಬರಿನಲ್ಲಿ ಹೇಗ್ ನಗರದ ನ್ಯಾಯಾಲಯದಲ್ಲಿ ನಿಂತು ದೇಶದ ಪರ ವಾದಿಸಿದರು.

ಆ ವಾದ ಅವರನ್ನು ಉಳಿಸಲಿಲ್ಲ. 2021ರ ಫೆಬ್ರವರಿ 1ರ ಮುಂಜಾನೆ ಜನರಲ್ ಮಿನ್ ಆಂಗ್ ಹ್ಲೈಂಗ್ ಅವರನ್ನು ಸೆರೆಹಿಡಿಸಿದನು. ಆಗ ಅವರ ಸಲಹೆಗಾರರಾಗಿದ್ದ ಟರ್ನೆಲ್ ಕೂಡ ಬಂಧಿತರಾಗಿ, 2022ರ ನವೆಂಬರಿನವರೆಗೆ ಸೆರೆಯಲ್ಲಿದ್ದರು. ಸಂಜೆ ಎಂಟರ ಹೊತ್ತಿಗೆ ಮನೆಮನೆಯ ತಾಯಂದಿರು ತಟ್ಟೆ ಪಾತ್ರೆಗಳನ್ನು ಬಡಿದರು. ದೆವ್ವ ಓಡಿಸಲು ಅಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ಈ ಸಾರಿ ಪಾತ್ರೆ ಬೋರಲು ಹಾಕಿದವರು ಗಿರಾಕಿಗಳು. ಸೇನೆಯ ಕಂಪನಿಯ ಬೀರನ್ನು ಹೋಟೆಲಿನವರು ತರಿಸಲಿಲ್ಲ, ಸಿಗರೇಟನ್ನು ಅಂಗಡಿಯವರು ಮಾರಲಿಲ್ಲ, ಸೇನೆಯ ಪಾಲಿದ್ದ ಮೈಟೆಲ್ ಕಂಪನಿಯ ಸಿಮ್ ಕಾರ್ಡುಗಳನ್ನು ಜನ ಮುರಿದೆಸೆದರು. ಬೀರಿನ ಜಪಾನೀ ಪಾಲುಗಾರ ಕಿರಿನ್ ಸಂಸ್ಥೆ ವಾರದೊಳಗೆ ಪಾಲುಗಾರಿಕೆಯನ್ನು ಮುರಿಯುವುದಾಗಿ ಸಾರಿತು.

ಟೆಲಿನಾರ್ ಕಂಪನಿಯೂ ಗಂಟುಮೂಟೆ ಕಟ್ಟಿತು. 2022ರ ಮಾರ್ಚಿನಲ್ಲಿ ಅದರ ವ್ಯಾಪಾರವೆಲ್ಲ ಲೆಬನಾನಿನ ಒಂದು ಸಂಸ್ಥೆಗೂ, ಸೇನೆಗೆ ಹತ್ತಿರವೆಂದು ಹೇಳಲಾದ ಒಂದು ಸ್ಥಳೀಯ ಕಂಪನಿಗೂ ಸೇರಿತು. ಹೆಚ್ಚಿನ ಪಾಲು ಸ್ಥಳೀಯರದು. ಒಂದೂವರೆ ಡಾಲರಿಗೆ ಕೊಂಡ ಕಾರ್ಡುಗಳು ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ಜನರ ಜೇಬಿನಲ್ಲಿದ್ದುವು. ಯಾರು ಯಾರೊಡನೆ ಎಷ್ಟು ಹೊತ್ತು ಮಾತಾಡಿದರೆಂಬ ದಾಖಲೆಗಳೂ ಹೊಸ ಯಜಮಾನರ ಕೈಸೇರಿದುವು.