ಬಂದೂಕಿನ ನಳಿಕೆ ಪರೀಕ್ಷೆಗೆ ಎಂಥ ಬೆಳಕು ಬೇಕು? ಮೊಬೈಲ್ ಟಾರ್ಚ್ ಏಕೆ ಸಾಲದು?

ಹೈದರಾಬಾದ್: ಚುನಾವಣೆ ಘೋಷಣೆಯಾದರೆ ಪರವಾನಗಿ ಹೊಂದಿರುವ ಹಲವರ ಬಂದೂಕುಗಳು ಪೊಲೀಸ್ ಠಾಣೆ ಸೇರುತ್ತವೆ. ಕರ್ನಾಟಕದ ಕಾಫಿ, ಅಡಿಕೆ ಬೆಳೆಗಾರರಿಗೂ ಇದು ಹೊಸದಲ್ಲ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಜಾರಿಯಾಯಿತು. ಹೈದರಾಬಾದ್‌ನಲ್ಲಿ ಮತದಾನ ನಡೆದದ್ದು ಮೇ 13ರಂದು, ಫಲಿತಾಂಶ ಬಂದದ್ದು ಜೂನ್ 4ರಂದು. ಎರಡೂವರೆ ತಿಂಗಳ ನಂತರ ಬಂದೂಕು ಕೈಗೆ ಮರಳುವ ಹೊತ್ತಿಗೆ ಮುಂಗಾರಿನ ತೇವ ಶುರುವಾಗುವ ಕಾಲ.

ಇಷ್ಟು ದಿನ ಬಳಸದೆ ಇಟ್ಟ ನಳಿಕೆಯೊಳಗೆ ತುಕ್ಕು ಹಿಡಿದಿರಬಹುದು, ಎಣ್ಣೆ ಗಟ್ಟಿಯಾಗಿರಬಹುದು, ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಲೂಬಹುದು. ಒಳಗೆ ಅಡ್ಡಿಯಿರುವಾಗ ಗುಂಡು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಹಾರಿಸಿದವರ ಕೈ, ಕಣ್ಣಿಗೇ ಅಪಾಯ.

ಮೊದಲು ಖಾಲಿ, ಆಮೇಲೆ ಬೆಳಕು

ಯಾವ ಟಾರ್ಚ್ ಹಿಡಿಯುವ ಮೊದಲೂ ತೋಟಾ ತೆಗೆದು, ಗುಂಡಿನ ಕೋಣೆ ಖಾಲಿಯಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮಡಚುವ ಬಂದೂಕಾದರೆ ನಳಿಕೆಯನ್ನು ಹಿಡಿಯಿಂದ ಬೇರ್ಪಡಿಸಬೇಕು. ರೈಫಲ್ ಆದರೆ ಬೋಲ್ಟ್ ಹೊರತೆಗೆದು, ಹಿಂಬದಿಯಿಂದ ನೋಡಬೇಕು. ಜೋಡಿಸಿದ ಬಂದೂಕಿನ ಬಾಯಿಗೆ ಕಣ್ಣಿಡುವುದು ಬೇಡ.

ಮೊಬೈಲ್ ಟಾರ್ಚ್‌ನ ತೊಂದರೆ ಏನು?

12 ಬೋರ್ ಬಂದೂಕಿನ ನಳಿಕೆ ಸುಮಾರು 18.5 ಮಿ.ಮೀ. ಅಗಲವಿದ್ದರೆ, .22 ರೈಫಲ್‌ನದ್ದು ಸುಮಾರು 5.6 ಮಿ.ಮೀ. ಹೈದರಾಬಾದ್‌ನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಏರ್ ರೈಫಲ್ ವಿಭಾಗದಲ್ಲಿ ಬಳಸುವುದು ಕೇವಲ 4.5 ಮಿ.ಮೀ. ನಳಿಕೆ. ಇಂಥ ಕಿರಿದಾದ ರಂಧ್ರದ ಒಂದೇ ತುದಿಯಲ್ಲಿ ಕಣ್ಣು, ಟಾರ್ಚ್ ಎರಡನ್ನೂ ಇಡಲಾಗದು. ಇನ್ನೊಂದು ತುದಿಯಿಂದ ಮೊಬೈಲ್ ಬೆಳಕು ಬಿಟ್ಟರೆ ಅದು ನೇರ ಕಣ್ಣಿಗೆ ಹೊಡೆಯುತ್ತದೆ. ಹೊಳೆಯುವ ಲೋಹದ ಮೇಲೆ ಬೆಳಕು ಹೆಚ್ಚಾದರೆ ಸಣ್ಣ ಗುಳಿಗಳು ಮರೆಯಾಗುತ್ತವೆ.

ಆಯ್ಕೆ ಹೇಗೆ?

* ತುದಿ: ಬಾಗಿದ, ಪಾರದರ್ಶಕ ಪ್ಲಾಸ್ಟಿಕ್ ತುದಿಯ ಸಣ್ಣ ಎಲ್‌ಇಡಿ ಬೋರ್ ಲೈಟ್ ಉತ್ತಮ. ಲೋಹದ ತುದಿ ನಳಿಕೆಯನ್ನು ಗೀರಬಹುದು.

* ಪ್ರಖರತೆ: ಮಂದ, ಹರಡಿದ ಬೆಳಕು ಸಾಕು.

* ಬಿಸಿ: ಶುಚಿಗೊಳಿಸುವ ದ್ರಾವಣಗಳಿಗೆ ಬೆಂಕಿ ತಗುಲಬಹುದು. ಬಿಸಿಯಾಗುವ ಹಳೆಯ ಬಲ್ಬ್‌ಗಿಂತ ಎಲ್‌ಇಡಿ ಲೇಸು.

* ಬ್ಯಾಟರಿ: ಎಲ್ಲ ಅಂಗಡಿಗಳಲ್ಲೂ ಸಿಗುವ ಎಎಎ ಸೆಲ್‌ನದ್ದಾದರೆ ಅನುಕೂಲ.

* ಕ್ಯಾಮೆರಾ: ಮೊಬೈಲ್‌ಗೆ ಜೋಡಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಹಲವು 5.5 ಮಿ.ಮೀ. ದಪ್ಪವಿರುತ್ತವೆ. 12 ಬೋರ್‌ಗೆ ಸರಿ, ಏರ್ ರೈಫಲ್‌ಗೆ ತೂರುವುದೇ ಇಲ್ಲ. ಕೊಳ್ಳುವ ಮೊದಲು ಅಳತೆ ನೋಡಬೇಕು.

ಏನೂ ಇಲ್ಲದಿದ್ದರೆ ಬಿಳಿ ಕಾಗದದ ತುಂಡೇ ಸಾಕು. ಅದನ್ನು ನಳಿಕೆಯ ಒಂದು ತುದಿಯಲ್ಲಿ ಓರೆಯಾಗಿ ಹಿಡಿದು, ಅದರ ಮೇಲೆ ಟಾರ್ಚ್ ಬಿಟ್ಟು, ಇನ್ನೊಂದು ತುದಿಯಿಂದ ನೋಡಿದರೆ ಕಣ್ಣು ಕುಕ್ಕದ ಬೆಳಕು ಸಿಗುತ್ತದೆ.

ಏನು ನೋಡಬೇಕು?

ಒಮ್ಮೆ ಒರೆಸಿದ ಬಳಿಕ ನೋಡುವುದು ಸೂಕ್ತ. ಬೂದು ಬಣ್ಣದ ಗೆರೆಗಳು ಸೀಸದ ಕೊಳೆಯಾಗಿರಬಹುದು, ಬ್ರಷ್‌ಗೆ ಹೋಗುತ್ತವೆ. ಒರೆಸಿದರೂ ಹೋಗದ ಕಪ್ಪು ಚುಕ್ಕೆ ತುಕ್ಕು ಕೊರೆದ ಗುಳಿ ಇದ್ದೀತು. ನಳಿಕೆಯನ್ನು ತಿರುಗಿಸಿದರೂ ಒಂದೇ ಜಾಗದಲ್ಲಿ ಉಂಗುರದಂಥ ನೆರಳು ಕಂಡರೆ ಅದು ಉಬ್ಬಿನ ಸೂಚನೆ. ಅಂಥ ಬಂದೂಕಿನಿಂದ ಗುಂಡು ಹಾರಿಸದೆ, ಪರವಾನಗಿ ಇರುವ ಬಂದೂಕು ರಿಪೇರಿದಾರರಿಗೆ ತೋರಿಸಬೇಕು.