ಪ್ರೊಪೋಲಿಸ್: ಜೇನುಗೂಡಿನ ಅಂಟು ಔಷಧವೇ, ಆಹಾರವೇ?

ಜೇನು ಎಂದೊಡನೆ ವರ್ತಕರಿಗೆ ನೆನಪಾಗುವ ಸರಕುಗಳು ತುಪ್ಪ ಮತ್ತು ಮೇಣ. ಗೂಡಿನಲ್ಲಿ ಮೂರನೆಯದೊಂದು ಸರಕೂ ಇದೆ. ಮರಗಳ ಮೊಗ್ಗು, ತೊಗಟೆಗಳಲ್ಲಿ ಒಸರುವ ರಾಳವನ್ನು ನೊಣಗಳು ತಂದು ಮೇಣದೊಡನೆ ಬೆರೆಸಿ ಗೂಡಿನ ಬಿರುಕುಗಳನ್ನು ಮುಚ್ಚುತ್ತವೆ. ಈ ಅಂಟೇ ಪ್ರೊಪೋಲಿಸ್. ಇದರಲ್ಲಿ ಸುಮಾರು ಅರ್ಧಭಾಗ ರಾಳ, ಶೇ. 30ರಷ್ಟು ಮೇಣ, ಉಳಿದದ್ದು ಸುಗಂಧ ತೈಲ, ಪರಾಗ ಇತ್ಯಾದಿ. ಗಂಟಲು ನೋವು, ಬಾಯಿಹುಣ್ಣು, ಗಾಯಗಳಿಗೆ ಮನೆಮದ್ದಾಗಿ ಹಲವು ದೇಶಗಳಲ್ಲಿ ಇದರ ಬಳಕೆಯಿದೆ. ಹನಿ, ಮಾತ್ರೆ, ಮುಲಾಮು, ಟೂತ್‌ಪೇಸ್ಟ್‌ಗಳ ರೂಪದಲ್ಲಿ ಮಾರಾಟವೂ ಇದೆ.

ಹೆಸರೊಂದು, ಸರಕು ಹಲವು

ಯುರೋಪಿನ ಪ್ರೊಪೋಲಿಸ್ ಬಹುಪಾಲು ಪಾಪ್ಲರ್ ಮರದ ಮೊಗ್ಗಿನಿಂದ ಬಂದದ್ದು. ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಹಸಿರು ಪ್ರೊಪೋಲಿಸ್‌ಗೆ ಬೇರೊಂದು ಪೊದೆಗಿಡ ಮೂಲ. ಜಪಾನ್ ಅದರ ಹಳೆಯ ಗ್ರಾಹಕ. ಮೂಲ ಬೇರೆಯಾದಂತೆ ಗುಣವೂ ಬೇರೆಯಾಗುತ್ತದೆ. ಆದ್ದರಿಂದ ಬ್ರೆಜಿಲ್‌ನ ಸರಕಿನ ಮೇಲೆ ನಡೆದ ಸಂಶೋಧನೆಯನ್ನು ಇಲ್ಲಿನ ಸರಕಿನ ಲೇಬಲ್ಲಿಗೆ ಅಂಟಿಸುವುದು ಸರಿಯಲ್ಲ.

ನಮ್ಮ ಮಲೆನಾಡಿನ ತುಡುವೆ ಜೇನು ಪ್ರೊಪೋಲಿಸ್ ಸಂಗ್ರಹಿಸುವುದಿಲ್ಲ. ಮೆಲ್ಲಿಫೆರಾ ನೊಣ ಹಾಗೂ ಚುಚ್ಚದ ಮುಜಂಟಿ ಜೇನು ಮಾತ್ರ ಇದನ್ನು ಕೂಡಿಡುತ್ತವೆ. ಮೆಲ್ಲಿಫೆರಾ ಪೆಟ್ಟಿಗೆಯೊಂದರಿಂದ ವರ್ಷಕ್ಕೆ 100 ಗ್ರಾಂ ಎಂದು ಲೆಕ್ಕ ಹಿಡಿದರೂ ಒಂದು ಕ್ವಿಂಟಾಲ್‌ಗೆ 1,000 ಪೆಟ್ಟಿಗೆಗಳು ಬೇಕು. ಬಂಡವಾಳ ಹೂಡುವ ಮುನ್ನ ಕಚ್ಚಾ ಸರಕಿನ ಈ ಮಿತಿಯನ್ನು ಗಮನಿಸುವುದು ಅವಶ್ಯ.

ರುಜುವಾತು ಎಷ್ಟು?

ಪ್ರಯೋಗಾಲಯದಲ್ಲಿ ಪ್ರೊಪೋಲಿಸ್ ಕೆಲವು ಬ್ಯಾಕ್ಟೀರಿಯಾ ಹಾಗೂ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವುದು ಕಂಡುಬಂದಿದೆ. ಬಾಯಿಹುಣ್ಣು, ತುಟಿಯ ಸರ್ಪಸುತ್ತುಗಳ ಮೇಲೆ ನಡೆದ ಸಣ್ಣ ಪ್ರಯೋಗಗಳ ಫಲಿತಾಂಶವೂ ಆಶಾದಾಯಕ. ಆದರೆ 2010ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ತನ್ನ ಮುಂದೆ ಬಂದ ಪ್ರೊಪೋಲಿಸ್‌ನ ಆರೋಗ್ಯ ಪ್ರತಿಪಾದನೆಗಳು ರುಜುವಾತಾಗಿಲ್ಲವೆಂದು ಅಭಿಪ್ರಾಯ ನೀಡಿತು. ಕ್ಯಾನ್ಸರ್, ಮಧುಮೇಹ ಗುಣವಾಗುವುದೆಂಬ ಮಾತಿಗಂತೂ ಆಧಾರವಿಲ್ಲ. ಕೆಲವರಿಗೆ ಇದರಿಂದ ಚರ್ಮದ ತುರಿಕೆ, ಬಾಯಿಯ ಉರಿ ಉಂಟಾಗುತ್ತದೆ. ಜೇನಿನ ಉತ್ಪನ್ನಗಳು ಒಗ್ಗದವರು ಹಾಗೂ ಆಸ್ತಮಾ ಪೀಡಿತರು ವೈದ್ಯರನ್ನು ಕೇಳದೆ ಬಳಸಬಾರದು.

ಲೇಬಲ್ಲಿನ ಹೊಣೆ

ಕ್ಯಾನ್ಸರ್, ಮಧುಮೇಹ ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಆಹಾರವೆಂದು ಮಾರಿದರೆ 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯ್ದೆ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಅದರ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸರಕು ಆಹಾರವೋ, ಔಷಧವೋ, ಸೌಂದರ್ಯವರ್ಧಕವೋ ಎಂಬುದನ್ನು ಮೊದಲೇ ನಿರ್ಧರಿಸಿ ತಕ್ಕ ಪರವಾನಗಿ ಪಡೆಯಬೇಕು. ರಾಳವನ್ನು ಮದ್ಯಸಾರದಲ್ಲಿ ಕರಗಿಸುವವರು ಅಬಕಾರಿ ನಿಯಮಗಳನ್ನೂ ವಿಚಾರಿಸಬೇಕು.

ಪೆಟ್ಟಿಗೆಗೆ ಬಳಿದ ಬಣ್ಣದಿಂದ ಸೀಸವೂ, ತೋಟಗಳಿಂದ ಕೀಟನಾಶಕವೂ ಪ್ರೊಪೋಲಿಸ್‌ಗೆ ಸೇರುವ ಸಂಭವವಿದೆ. ಪ್ರತಿ ತಂಡದ ಸರಕಿಗೂ ಸಂಖ್ಯೆ, ಖರೀದಿಯ ಊರು, ಪರೀಕ್ಷಾ ವರದಿಗಳನ್ನು ದಾಖಲಿಸಿಡುವುದು ಕ್ಷೇಮ. ಗ್ರಾಹಕರು ಔಷಧಿಯ ಬೆಲೆ ತೆರುವುದು ನಂಬಿಕೆಯಿಂದ. ಆ ನಂಬಿಕೆಗೆ ಆಧಾರ ವರ್ತಕರ ಕಡತದಲ್ಲಿರಬೇಕು.