ರಾಗಿ ಉಂಡೆಗೆ ಬರುತ್ತಿದ್ದ ಮೀನು

ಹಿರಿಯೂರು, ಹೊಸದುರ್ಗದ ಕಡೆಯ ಹುಡುಗರಿಗೆ ಗಾಳವೇನೂ ಹೊಸದಲ್ಲ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟು 2022ರಲ್ಲಿ, 89 ವರ್ಷಗಳ ಮೇಲೆ ಕೋಡಿ ಬಿತ್ತು. ಜಿಲ್ಲೆಗೆ ಜಿಲ್ಲೆಯೇ ವೇದಾವತಿಯ ನೀರು ನೋಡಲು ಹೊರಟಿತು. ಎರೆಹುಳ, ಬಿದಿರು ಕಡ್ಡಿ, ಒಂದಿಷ್ಟು ದಾರ ಇದ್ದರೆ ಇಲ್ಲಿ ಮಧ್ಯಾಹ್ನ ಕಳೆಯುತ್ತದೆ. ಆದರೆ ಮಹಶೀರ್ ಎಂಬ ಒಂದೇ ಒಂದು ಮೀನಿಗಾಗಿ ಸಮುದ್ರ ದಾಟಿ ಬಂದವರು, ಅವರ ಪಕ್ಕದಲ್ಲಿ ನಿಂತು ‘ಅಲ್ಲಿ ಎಸೀರಿ’ ಎಂದು ಮಡು ತೋರಿಸುವ ಹಳ್ಳಿಯವರು, ಹಿಡಿದದ್ದನ್ನು ಮತ್ತೆ ಹೊಳೆಗೇ ಬಿಡುವ ಕಟ್ಟಳೆ, ಇವೆಲ್ಲ ಇದ್ದದ್ದು ಕಾವೇರಿಯಲ್ಲಿ. ಶಿವನಸಮುದ್ರಕ್ಕೂ ಮೇಕೆದಾಟಿಗೂ ನಡುವಿನ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ.

ಹೀಗೆ ಮೀನಿನ ಜಾಗ ತೋರಿಸುವ ಮಾರ್ಗದರ್ಶಿಗಳು ಫ್ಲಾರಿಡಾದ ಕಡಲ ಕೊಲ್ಲಿಗಳಲ್ಲೂ ಇದ್ದಾರೆ. ದೋಣಿಯ ಹಿಂಬದಿಯ ಎತ್ತರದ ಅಟ್ಟಣೆ ಮೇಲೆ ನಿಂತು, ಗಳದಿಂದ ದೋಣಿ ತಳ್ಳುತ್ತ, ತೆಳುನೀರಿನಲ್ಲಿ ಮೀನಿನ ನೆರಳು ಹುಡುಕುತ್ತಾರೆ. ಅಲ್ಲಿನ ಗಾಳಕ್ಕೆ ಗರಿ, ಕೂದಲು ಸುತ್ತಿ ಮಾಡಿದ ಹುಸಿಹುಳ. ಇದಕ್ಕೇ ಫ್ಲೈ ಫಿಶಿಂಗ್ ಎನ್ನುತ್ತಾರೆ. ಕಾವೇರಿಯಲ್ಲಿ ಗಾಳಕ್ಕೆ ರಾಗಿ!

ಹೊಳಲ್ಕೆರೆಯಲ್ಲಿ ಮುದ್ದೆ ಕಟ್ಟುವ ಯಾವ ತಾಯಿಗೂ ಈ ಕೆಲಸ ಅರ್ಧ ಗೊತ್ತಿರುವಂಥದ್ದೇ. ರಾಗಿ ಹಿಟ್ಟನ್ನು ಬಿಗಿಯಾಗಿ ಕಲಸಿ, ಉಂಡೆ ಮಾಡಿ, ನೀರಿನಲ್ಲಿ ಬೇಯಿಸಿ, ಮತ್ತೆ ನಾದುತ್ತಿದ್ದರು. ಊಟದ ಮುದ್ದೆ ಗಂಟಲಲ್ಲಿ ಜಾರಬೇಕು. ಇದು ಜಾರಬಾರದು, ಒಡೆಯಲೂಬಾರದು. ಮೆತ್ತಗಾದರೆ ಹರಿವು ಕರಗಿಸಿಬಿಡುತ್ತದೆ, ಚಿಳ್ಳೆಮೀನುಗಳು ಕುಟುಕಿ ಮುಗಿಸುತ್ತವೆ. ತೀರಾ ಕಲ್ಲಾದರೆ ಗಾಳದ ಮೊನೆ ಹೊರಬರದೆ ಮೀನು ತಪ್ಪಿಸಿಕೊಳ್ಳುತ್ತದೆ. ಆ ಹದ ತಿಳಿಯುವುದು ಕೈಗೆ ಮಾತ್ರ. ನಿಂಬೆ ಗಾತ್ರದಿಂದ ಮೂಸಂಬಿ ಗಾತ್ರದವರೆಗಿನ ಉಂಡೆ ಗಾಳವನ್ನು ಪೂರ್ತಿ ಮುಚ್ಚಿ, ಸೀಸದ ಭಾರದೊಡನೆ ಬಂಡೆಗಳ ಸಂದಿನ ಸೆಳವಿಗೆ ಬೀಳುತ್ತಿತ್ತು. ಆಮೇಲೆ ಕಾಯುವುದು, ಕೆಲವೊಮ್ಮೆ ಇಡೀ ದಿನ.

ಮಹಶೀರ್ ಕಚ್ಚಿದೊಡನೆ ಬಂಡೆಗಳತ್ತ ಧಾವಿಸುತ್ತದೆ. ದಾರ ಕಲ್ಲಿಗೆ ಸಿಕ್ಕಿತೆಂದರೆ ಮಾರ್ಗದರ್ಶಿ ಹರಿಗೋಲಿಗೆ ಹಾರಿ, ಹುಟ್ಟು ಹಾಕುತ್ತ ಅದನ್ನು ಬಿಡಿಸಬೇಕಿತ್ತು. ಮೀನು ದಡಕ್ಕೆ ಬಂದ ಮೇಲೆ ತೂಕ, ಒಂದು ಫೋಟೊ. ದಣಿವಾರುವ ತನಕ ಹರಿವಿಗೆ ಮುಖ ಮಾಡಿಸಿ ಹಿಡಿದುಕೊಂಡು, ಬಿಡುಗಡೆ. ಹೀಗೆ ಮೀನನ್ನು ಕೈಯಾರೆ ಬಿಟ್ಟ ಮಾರ್ಗದರ್ಶಿಗಳಲ್ಲಿ ಒಂದು ಕಾಲಕ್ಕೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದವರೂ ಇದ್ದರು. ಹೊಳೆಯ ಒಳಗುಟ್ಟು ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರು?

ಚರಿತ್ರೆ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲೇ ಭಾರತದ ಗಾಳದ ಬಗ್ಗೆ ಪುಸ್ತಕ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ, ಬಳಿಕ ಜಂಗಲ್ ಲಾಡ್ಜಸ್, ಕಾವೇರಿಯ ದಡದಲ್ಲಿ ಶಿಬಿರ ನಡೆಸಿದವು.

ಕಾವೇರಿ ವನ್ಯಧಾಮದೊಳಗೆ ಗಾಳವೂ ಬೇಟೆಯೇ ಎಂಬ ವಾದ ಗೆದ್ದು, 2012ರ ವೇಳೆಗೆ ಶಿಬಿರಗಳಲ್ಲಿ ಮೀನು ಹಿಡಿಯುವುದು ನಿಂತಿತು. ವನ್ಯಧಾಮಕ್ಕೆ ಕಟ್ಟುನಿಟ್ಟು ಬೇಕು, ನಿಜ. ಆದರೂ ನಷ್ಟವೊಂದು ಆಯಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದುಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಕಾವೇರಿ ಕಣಿವೆಗೇ ಸೀಮಿತವಾದ ಡುಬ್ಬದ ಮಹಶೀರ್ ಕಡಿಮೆಯಾಗುತ್ತ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಿದ್ದುದು ವಿಜ್ಞಾನಿಗಳಿಗೆ ಗೊತ್ತಾಗಿದ್ದು ಆ ಪುಟಗಳಿಂದ. ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಗುರುತಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಗಾಲಿಬೋರೆಯ ಲೆಕ್ಕದ ಪುಸ್ತಕ ಮುಚ್ಚಿ ಆರು ವರ್ಷ.

ಭೀಮೇಶ್ವರಿಯಲ್ಲಿ ಹರಿಗೋಲು ಈಗಲೂ ಸುತ್ತುತ್ತದೆ, ಪ್ರವಾಸಿಗರನ್ನು ಕೂರಿಸಿಕೊಂಡು. ಸೆಳವಿನ ಬಳಿ ಬಂದಾಗ ಹುಟ್ಟು ಹಾಕುವ ಕೈ ತುಸು ನಿಧಾನವಾಗುತ್ತದೆ. ಹಿಂದೆ ರಾಗಿ ಉಂಡೆ ಬೀಳುತ್ತಿದ್ದದ್ದು ಅಲ್ಲೇ.